ಮೊದಲ ಹಂತದ ರೋದನ

ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ರಾಕೆಟ್ಟು ಭೂಮಿಯ ಹಿಡಿತ ಬಿಡಿಸಿಕೊಳ್ಳಲು ಏನೇನು ಬೇಕೆಂದು ಇಪ್ಪತ್ತೆರಡು ವರ್ಷ ಲೆಕ್ಕ ಹಾಕಿದವರು. ಉರಿದ ಇಂಧನ ಹಿಂದಕ್ಕೆ ಚಿಮ್ಮಿ ರಾಕೆಟ್ಟನ್ನು ಮುಂದಕ್ಕೆ ತಳ್ಳುವುದಕ್ಕೆ ಅವರು ಬಳಸಿದ ಪದ ‘ನೋದನ’. ಅವರ ಪುಸ್ತಕದ ಮುನ್ನೂರು ಪುಟ ಟೈಪು ಮಾಡಿದವಳು ನಾನು. ಒಂದು ಕಡೆ ಕೈತಪ್ಪಿ ‘ರೋದನ’ ಎಂದು ಹೊಡೆದಿದ್ದೆ. ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕು ತಮ್ಮ ಪ್ರತಿಯಲ್ಲಿ ತಿದ್ದಿಕೊಂಡರು. ಅಷ್ಟರಲ್ಲಿ ಇನ್ನೊಂದು ಪ್ರತಿ, ಅಭಿಪ್ರಾಯ ಕೇಳಲೆಂದು, ಸಂಶೋಧನಾಲಯದ ನಿರ್ದೇಶಕರ ಮೇಜು ಸೇರಿತ್ತು.

ಉತ್ತರಕ್ಕಾಗಿ ಅಪ್ಪ ಮೂರು ವರ್ಷ ಅಲೆದರು. ಅಪ್ಪನದು ನೋದನ, ಅವರದು ನೋಡೋಣ. “ನೋಡೋಣ ಮೇಷ್ಟ್ರೇ, ನೋಡೋಣ.” ಮೂಗಿನಲ್ಲೇ ಹುಟ್ಟಿ ಮೂಗಿನಲ್ಲೇ ಸಾಯುವ ಆ ದನಿಯನ್ನು ನಾನು ಅಡುಗೆಮನೆಯಲ್ಲಿ ಅಣಕಿಸಿದರೆ, ಸಾಹೇಬರೇ ಬಂದರೇನೋ ಎಂದು ಅಮ್ಮ ಹೊರಗೆ ಕುರ್ಚಿ ಒರೆಸುತ್ತಿದ್ದಳು.

ನಾಲ್ಕನೆಯ ವರ್ಷ ಪುಸ್ತಕ ಬಂತು. ಹೆಸರು ಮಾತ್ರ ನಿರ್ದೇಶಕರದು.

ಬಿಡುಗಡೆಗೆ ಅಪ್ಪನಿಗೂ ಆಹ್ವಾನ. ಕೊನೆಯ ಸಾಲು, ಕಂಬದ ಹಿಂದೆ, ಪಕ್ಕದಲ್ಲಿ ನಾನು. ನಿರ್ದೇಶಕರು ಒಂದು ಪುಟ ತೆರೆದು ಓದಿದರು: “ಮೊದಲ ಹಂತದ ರೋದನ ಮುಗಿದೊಡನೆ ಖಾಲಿ ಟ್ಯಾಂಕನ್ನು ಕಳಚಿ ಎಸೆಯಬೇಕು.” ಚಪ್ಪಾಳೆ! ಪ್ರಾಧ್ಯಾಪಕರೊಬ್ಬರಂತೂ ಕಣ್ಣು ಮುಚ್ಚಿ ತಲೆದೂಗಿದರು.

ಎದ್ದು ನಿಂತೆ. “ಸರ್, ರಾಕೆಟ್ಟು ಯಾಕೆ ಅಳುತ್ತೆ?”

“ಒಳ್ಳೇ ಪ್ರಶ್ನೆ ಕಣಮ್ಮಾ,” ಮೂಗು ನುಡಿಯಿತು. “ಇಂಧನ ಸುರಿಯುತ್ತಲ್ಲ, ಕಣ್ಣೀರಿನ ಹಾಗೆ. ಅದಕ್ಕೇ ನಾನೇ ಟಂಕಿಸಿದ ಪದ.”

ಟಂಕಿಸಿದ್ದು ಅವರಂತೆ! ಪುಸ್ತಕದ ತುಂಬ ‘ನೋದನ’ವೇ ಇತ್ತು, ಮಹಾನುಭಾವರು ಕದ್ದದ್ದನ್ನು ಓದಿಯೂ ಇರಲಿಲ್ಲ.

“ಟಂಕಿಸಿದ್ದಲ್ಲ ಸರ್, ಟೈಪಿಸಿದ್ದು. ನನ್ನ ತಪ್ಪು. ಅಪ್ಪ ಬರೆದಿದ್ದು ನೋದನ.”

ನಿರ್ದೇಶಕರು ಕಂಬದತ್ತ ಹಲ್ಲು ಕಿರಿದರು. “ಓಹೋ, ನಮ್ಮ ಮೇಷ್ಟ್ರ ಮಗಳು! ಟೈಪಿಂಗಲ್ಲಿ ತುಂಬಾ ಸಹಾಯ ಮಾಡಿದಾರೆ ಪಾಪ. ಮುಂದಿನ ಮುದ್ರಣದಲ್ಲಿ ತಿದ್ದೋಣ.”

ಮತ್ತೆ ಚಪ್ಪಾಳೆ. ಥೂ! ತಲೆದೂಗಿದ ಪ್ರಾಧ್ಯಾಪಕರೇ ಎಲ್ಲರಿಗಿಂತ ಜೋರಾಗಿ ತಟ್ಟಿದರು.

ಮನೆಗೆ ಬಂದವರೇ ಅಪ್ಪ ಪುಸ್ತಕ ಬಿಡಿಸಿ, ಕನ್ನಡಕ ಏರಿಸಿ, ಕೆಂಪು ಪೆನ್ನು ಹಿಡಿದು ಕೂತರು. ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವ ಹಾಗೆ.

“ಪುಟ್ಟೀ, ಇನ್ನೂರ ಹನ್ನೊಂದನೇ ಪುಟದಲ್ಲಿ ಇನ್ನೊಂದು ರೋದನ ಇದೆ ನೋಡು. ಅವತ್ತು ನನ್ನ ಕಣ್ಣಿಗೆ ಬೀಳಲಿಲ್ಲ. ಸಾಹೇಬರಿಗೆ ಒಂದು ಕಾಗದ ಬರೆದುಬಿಡೋಣ. ಪುಸ್ತಕದಲ್ಲಿ ತಪ್ಪು ಉಳೀಬಾರದು.”

ಇಂಥ ಒಳ್ಳೆಯತನಕ್ಕೂ ಹೇಸಿಗೆಯಾಗುತ್ತದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಪೆನ್ನು ಕಿತ್ತುಕೊಂಡೆ.

“ಉಳೀಲಿ ಬಿಡಪ್ಪಾ. ಇಡೀ ಪುಸ್ತಕದಲ್ಲಿ ನಮ್ಮನೇದು ಅಂತ ಗುರುತು ಹಿಡಿಯೋಕೆ ಇರೋದು ಅದೊಂದೇ.”