ಖಾರ ತಿನ್ನದ ತಾತನ ಎಡೆ

ಮಹಾಲಯ ಅಮಾವಾಸ್ಯೆಯಂದು ಹೂಡಿಯ ನಮ್ಮ ಮನೆಯಲ್ಲಿ ಹಿರಿಯರಿಗೆ ಎಡೆ ಇಡುವಾಗ, ತಾತ ಚಿಕ್ಕಬೈರಪ್ಪ ಒಂದೊಂದು ಎಲೆಯ ಮುಂದೆಯೂ ಸಾಂಬ್ರಾಣಿ ಹಿಡಿದು, ತೀರಿಹೋದವರನ್ನು ಹೆಸರು ಹಿಡಿದು ಊಟಕ್ಕೆ ಕರೆಯುತ್ತಿದ್ದರು. ಸಾಲಿನ ಕೊನೆಯ ಎಲೆಯ ಬಳಿ ಮಾತ್ರ ಅವರ ದನಿ ಇಳಿಯುತ್ತಿತ್ತು. ಉಳಿದವರಿಗೆಲ್ಲ ಮುದ್ದೆ, ಕೋಳಿಸಾರು. ಆ ಎಲೆಗೆ ಬಿಸಿ ಅನ್ನ, ಮೆಣಸಿನಕಾಯಿ ಹಾಕದ ಕಾಳುಮೆಣಸಿನ ಸಾರು, ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿ, ಪಕ್ಕದಲ್ಲಿ ಮಡಿಸಿದ ಬಿಳಿ ಬಟ್ಟೆ. ತಾತನ ಅವ್ವ ಲಕ್ಷ್ಮಮ್ಮ ಬದುಕಿರುವವರೆಗೂ ಅದನ್ನು ತಾನೇ ಬೇಯಿಸಿ ಇಡುತ್ತಿದ್ದಳಂತೆ. ಯಾರಿಗೆಂದು ಹೇಳದೆಯೇ ಹೋದಳು. ಬಟ್ಟೆಯನ್ನು ರುಮಾಲೆಂದು ತಿಳಿದು, ಮನೆಯವರು 'ಖಾರ ತಿನ್ನದ ತಾತ' ಎಂದುಕೊಂಡರು.

ತೊಂಬತ್ನಾಲ್ಕನೇ ಇಸವಿಯಲ್ಲಿ, ಬಹಳ ಕಾಲ ಊರೂರು ಅಲೆದು ನಾನು ಮನೆಗೆ ಬಂದಾಗ ತಾತ ಹೇಳಿದರು: "ಲೋ ಮನು, ಎಂಗೂ ಸುತ್ತೋನು ನೀನು. ಆ ಎಸ್ರೊಂದ ಉಡುಕ್ಕೊಂಡ್ ಬಾರ್ಲಾ. ಎಸ್ರಿಡಿದು ಕರೀದಿದ್ರೆ ಅವ್ರು ಅಸ್ಕೊಂಡೇ ಓಗ್ತಾರೆ."

ನೆಂಟರ ಮನೆಗಳನ್ನೆಲ್ಲ ಸುತ್ತಿದೆ. ಏಳು ತಲೆಮಾರಿನ ಹೆಸರುಗಳು ಸಿಕ್ಕವು, ಅದೊಂದು ಸಿಗಲಿಲ್ಲ. ಸಿಂಗಸಂದ್ರದಲ್ಲಿದ್ದ ತಾತನ ಸೋದರತ್ತೆ ಚನ್ನಕ್ಕ ನನ್ನ ಪ್ರಶ್ನೆಗೆ ಮುಖ ತಿರುಗಿಸಿ, "ಕಾಪಿ ಕುಡೀತೀಯಾ?" ಎಂದಿದ್ದಳು. ಆದರೂ ನನ್ನ ತಂಗಿ ಕೃಪಾಳ ಮಗುವನ್ನು ನೋಡಲು ಆ ಅಮಾವಾಸ್ಯೆಗೆ ಬಂದಳು.

ಎಡೆ ಸಿದ್ಧವಾಗಿತ್ತು. ಬಾಣಂತಿ ಕೃಪಾ ತಲೆಗೂ ಕಿವಿಗೂ ಬಿಗಿಯಾಗಿ ಬಿಳಿ ಬಟ್ಟೆ ಸುತ್ತಿಕೊಂಡು, ಮಗುವನ್ನೆತ್ತಿಕೊಂಡು ಕೋಣೆಯಿಂದ ಹೊರಬಂದವಳು ಕೊನೆಯ ಎಲೆ ನೋಡಿ ನಕ್ಕಳು.

"ಅಮ್ಮಾ, ನನ್ನೂಟ ಯಾಕಮ್ಮ ಅಲ್ಲಿಟ್ಟಿದ್ದೀಯ? ತಲೆಗೆ ಕಟ್ಟೋ ಬಟ್ಟೆ ಬೇರೆ!"

ಅಮ್ಮನ ಕೈಯಲ್ಲಿದ್ದ ಸೌಟು ನಿಂತಿತು. ಎರಡು ತಿಂಗಳಿಂದ ಅದೇ ಅನ್ನ, ಅದೇ ಸಾರು, ಅದೇ ಬೆಳ್ಳುಳ್ಳಿಯನ್ನು ಮಗಳಿಗೆ ಬಡಿಸುತ್ತಿದ್ದವಳು ಆಕೆಯೇ. "ಅಯ್ಯೋ ಶಿವನೇ, ಇದು ಬಾಣಂತಿ ಎಡೆ" ಎಂದಳು.

ತಾತ ನಿಧಾನವಾಗಿ ಚನ್ನಕ್ಕನ ಕಡೆ ತಿರುಗಿದರು. "ಅತ್ತೆ?"

ಚನ್ನಕ್ಕ ಸೆರಗಿನಿಂದ ಕಣ್ಣೊತ್ತಿಕೊಂಡಳು. "ನಿನ್ನ ಎತ್ತ ತಾಯಿ ಕಣೋ ಬೈರ. ಕೆಂಪಮ್ಮ. ಬಾಣಂತನದಾಗೇ ಓದ್ಳು. ಆಮೇಲೆ ಬಂದ ಲಕ್ಷ್ಮಕ್ಕ ನನ್ನ ಕೈಲಿ ಆಣೆ ಮಾಡಿಸ್ಕಂಡ್ಲು, ಮಲತಾಯಿ ಅನ್ನೋ ಮಾತು ಮಗೀನ ಕಿವೀಗೆ ಬೀಳಬಾರ್ದು ಅಂತ. ಈಗ್ಲೂ ನಾನೇಳ್ಲಿಲ್ಲಪ್ಪ, ನಿನ್ನ ಮೊಮ್ಮಗಳೇ ಏಳಿದ್ಲು."

ಹಡೆದವಳ ಮುಖವೇ ಕಾಣದ ಮುದುಕ ಎಲೆಯ ಮುಂದೆ ಕುಳಿತರು. ಬಿಳಿ ಬಟ್ಟೆಯನ್ನು ಸವರಿದರು. ಬಳಿಕ ಆ ಎಲೆಯನ್ನು ಎರಡೂ ಕೈಯಲ್ಲಿ, ಸಾರು ಚೆಲ್ಲದಂತೆ ಸರಿಸಿ, ಲಕ್ಷ್ಮಮ್ಮನ ಎಲೆಯ ಪಕ್ಕದಲ್ಲಿಟ್ಟರು. ಕೃಪಾ ತನ್ನ ಕೈಬಳೆಯೊಂದನ್ನು ಬಿಚ್ಚಿ ಅಲ್ಲಿರಿಸಿದಳು.

ತಾತ ಸಾಂಬ್ರಾಣಿ ಎತ್ತಿದರು. "ಅವ್ವಾ ಕೆಂಪಮ್ಮ, ಉಣ್ಣಾಕೆ ಬಾರವ್ವ. ಅವ್ವಾ ಲಕ್ಷ್ಮಮ್ಮ, ನೀನೂ ಬಾ. ಇಬ್ರೂ ಒಟ್ಗೇ ಕುಂತ್ಕಳ್ಳಿ."

ಊಟದ ಹೊತ್ತಿಗೆ, ಹಸಿಮೆಣಸಿನಕಾಯಿ ಕಚ್ಚದೆ ತುತ್ತೆತ್ತದ ಆ ಮನುಷ್ಯ ಕೆಂಪಮ್ಮನ ಎಲೆಯ ಮುಂದೆಯೇ ಕುಳಿತರು. ಅಮ್ಮ ಕೋಳಿಸಾರು ತಂದಾಗ ಎಲೆಗೆ ಕೈ ಅಡ್ಡ ಹಿಡಿದರು.

"ಇವತ್ತು ಬ್ಯಾಡ ಕಣಮ್ಮ."