ದಿನಕ್ಕೆ ಮೂರು ಪೆಪ್ಪರಮೆಂಟು

ಹೊರಡುವ ದಿನ ಅಮ್ಮ ಚಿಲ್ಟುವಿನ ಕೈಗೊಂದು ಗಾಜಿನ ಡಬ್ಬಿ ಕೊಟ್ಟಳು. ಒಳಗೆ ನಲವತ್ತೆರಡು ಪೆಪ್ಪರಮೆಂಟು. "ದಿನಕ್ಕೆ ಮೂರು ತಿನ್ನು. ಖಾಲಿಯಾಗೋ ಹೊತ್ತಿಗೆ ಬಂದ್ಬಿಡ್ತೀನಿ," ಎಂದಳು. ಅಮ್ಮ ನರ್ಸು. ಬೇರೆ ಊರಿನ ಆಸ್ಪತ್ರೆಯಲ್ಲಿ ಜನ ಸಾಲದೆ ಅವಳನ್ನು ಕರೆಸಿಕೊಂಡಿದ್ದರು. ಹಾಗಾಗಿ ಎಂಟು ವರ್ಷದ ಚಿಲ್ಟು ದೊಡ್ಡಮ್ಮನ ಮನೆ ಸೇರಿದಳು.

ದೊಡ್ಡಮ್ಮ ಅಂಗಿ ಹೊಲಿಯುವವಳು. ಕೆಟ್ಟವಳಲ್ಲ ಪಾಪ, ಆದರೆ ಮಾತನ್ನು ಅಳೆದು ತೂಗಿ ಆಡುವವಳು. ಬೆಳಗಿನಿಂದ ಸಂಜೆಯವರೆಗೆ ಆ ಮನೆಯಲ್ಲಿ ಬಾಯಿ ಇದ್ದದ್ದು ಹೊಲಿಗೆ ಮಿಷನ್ನಿಗೆ ಮಾತ್ರ. ಶಾಲೆಯಿಂದ ಬಂದ ಚಿಲ್ಟು ಚೀಲ ಇಳಿಸಿ, ಕಿಟಕಿ ಪಕ್ಕ ಕೂತು, ತನ್ನ ಪಾಡಿಗೆ ತಾನು ಪೆಪ್ಪರಮೆಂಟು ಚೀಪುವಳು. ಅಮ್ಮನಿಲ್ಲದೆ ಎಲ್ಲವೂ ಭಣಭಣ.

ಆ ಪುಟ್ಟ ತಲೆ ಸುಮ್ಮನಿರುತ್ತದೆಯೇ? ಬೇಗ ಖಾಲಿ ಮಾಡಿದರೆ ಅಮ್ಮ ಬೇಗ ಬರುತ್ತಾಳಲ್ಲ! ಮೊದಲೆರಡು ದಿನ ಆರಾರು ನುಂಗಿದಳು.

ದೊಡ್ಡಮ್ಮ ಕಂಡಳು, ಬೈಯಲಿಲ್ಲ. ಅಂಗಿ ಗುಂಡಿಗಳ ಪೆಟ್ಟಿಗೆ ತಂದು, ಮೇಜಿನ ಮೇಲೆ ಸಾಲಿಗೆ ಮೂರರಂತೆ ಹದಿನಾಲ್ಕು ಸಾಲು ಜೋಡಿಸಿದಳು.

"ನೋಡಮ್ಮಾ, ಒಂದು ಸಾಲು ಅಂದ್ರೆ ಒಂದು ದಿನ. ನಿಮ್ಮಮ್ಮ ಮೊದಲು ದಿನ ಎಣಿಸಿದ್ಲು, ಆಮೇಲೆ ಮೂರರಿಂದ ಗುಣಿಸಿ ಡಬ್ಬಿ ತುಂಬಿದ್ಲು. ಹದಿನಾಲ್ಕು ಮೂರ್ಲ ನಲವತ್ತೆರಡು. ಈಗ ನಲವತ್ತೆರಡನ್ನ ಮೂರರಿಂದ ಭಾಗಿಸು, ಏನ್ ಬರುತ್ತೆ?"

ಚಿಲ್ಟು ಸಾಲುಗಳನ್ನು ಎಣಿಸಿದಳು. "ಹದಿನಾಲ್ಕು."

"ಅಷ್ಟೇ. ಅವಳು ಹೊಲಿದದ್ದನ್ನ ನೀನು ಬಿಚ್ಚಿ ನೋಡಿದ ಹಾಗೆ. ನೀನು ಆರಾರು ನುಂಗಿದ್ರೆ ಡಬ್ಬಿ ಬೇಗ ಖಾಲಿಯಾಗುತ್ತೆ ಕಣೇ, ನಿಮ್ಮಮ್ಮನ ಬಸ್ಸು ಬೇಗ ಬರಲ್ಲ."

ಲೆಕ್ಕ ಸರಿಮಾಡಲು ಚಿಲ್ಟು ಮುಂದಿನ ಎರಡು ದಿನ ಒಂದನ್ನೂ ಮುಟ್ಟಲಿಲ್ಲ. ಆ ಎರಡು ದಿನ ಎಷ್ಟು ಉದ್ದವಿದ್ದವೆಂದು ಅವಳಿಗೇ ಗೊತ್ತು. ಆಮೇಲೆ ದಿನಾ ಮೂರೇ. ತಿಂದು, ಉಳಿದದ್ದನ್ನು ಎಣಿಸಿ, ಮೂರರಿಂದ ಭಾಗಿಸುವಳು. ಹದಿನೈದು, ಇನ್ನೈದು ದಿನ. ಹನ್ನೆರಡು, ಇನ್ನು ನಾಲ್ಕು. ಒಂಬತ್ತು, ಇನ್ನು ಮೂರೇ ಮೂರು! ಯಾರಿಗಾದರೂ ಹೇಳೋಣವೆಂದರೆ ಯಾರಿದ್ದರು? ಡಬ್ಬಿಗೇ ಹೇಳಿದಳು.

ಮರುದಿನ ಶಾಲೆಯಿಂದ ಬಂದು ಮುಚ್ಚಳ ತೆಗೆದರೆ, ಡಬ್ಬಿಯಲ್ಲಿ ಇಪ್ಪತ್ತನಾಲ್ಕು.

ಬೇರೆ ಮಕ್ಕಳಾಗಿದ್ದರೆ ಕುಣಿದಾಡಿಬಿಡುತ್ತಿದ್ದವು. ಚಿಲ್ಟು ಕುಣಿಯಲಿಲ್ಲ. ಇನ್ನೊಮ್ಮೆ ಎಣಿಸಿದಳು. ಇಪ್ಪತ್ತನಾಲ್ಕೇ. ಆಚೆ ಮಿಷನ್ನು ಎಂದಿಗಿಂತ ಜೋರಾಗಿ ಓಡುತ್ತಿತ್ತು, ದೊಡ್ಡಮ್ಮ ತಲೆ ಎತ್ತಲಿಲ್ಲ.

ಚಿಲ್ಟು ನಿನ್ನೆಯ ಒಂಬತ್ತನ್ನು ಡಬ್ಬಿಯಲ್ಲೇ ಬಿಟ್ಟು, ಉಳಿದದ್ದನ್ನೆಲ್ಲ ತಂದು ದೊಡ್ಡಮ್ಮನ ಮೇಜಿನ ಮೇಲೆ, ದಾರದ ಉಂಡೆಗಳ ನಡುವೆ, ಸಾಲಿಗೆ ಮೂರರಂತೆ ಇಟ್ಟಳು. ಐದು ಸಾಲಾಯಿತು.

"ದೊಡ್ಡಮ್ಮಾ, ಅಮ್ಮ ಬರೋದು ಐದು ದಿನ ತಡ ಅಂತ ಬಾಯಲ್ಲೇ ಹೇಳಬಹುದಿತ್ತಲ್ಲ."

ಮಿಷನ್ನು ನಿಂತಿತು.

"ಬೆಳಿಗ್ಗೆ ಫೋನ್ ಮಾಡಿದ್ಲು ಕಣಮ್ಮಾ. ನೀನು ಅಳ್ತೀಯ ಅಂತ..." ದೊಡ್ಡಮ್ಮ ದಾರದ ಉಂಡೆಗಳನ್ನು ಒಂದು ಪಕ್ಕಕ್ಕೆ ಸರಿಸಿದಳು.

"ನಾನೇನು ಅಳಲ್ಲ," ಎಂದಳು ಚಿಲ್ಟು. ಹದಿನೈದನ್ನೂ ಮತ್ತೆ ಡಬ್ಬಿಗೆ ಹಾಕಿ, ಕಿಟಕಿ ಪಕ್ಕ ಹೋಗಿ ಕೂತಳು. ಇಪ್ಪತ್ತನಾಲ್ಕನ್ನು ಮೂರರಿಂದ ಭಾಗಿಸಿದರೆ ಎಂಟು ದಿನ. ಅವತ್ತಿನ ಮೂರು ಅವಳ ಅಂಗೈಯಲ್ಲೇ ಉಳಿದವು.