ಮುಗಿಯದ ಹುಣಸೆಬೀಜದ ಗಂಟು

ಧಾರವಾಡದ ಹೈಸ್ಕೂಲಿನ ಗಣಿತದ ಮಾಸ್ತರ ಉಳವಪ್ಪ, ಹೊಸ ಹೆಂಡತಿ ದಾನವ್ವನನ್ನು ಕರೆದೊಯ್ಯಲು ಅವಳ ತವರೂರಾದ ಸುಳ್ಳಕ್ಕೆ ಬಂದಿದ್ದ. ಸಂಜೆಯ ಬಸ್ಸಿಗೇ ಹೊರಡಬೇಕೆಂದು ಅವನ ಹಟ. ಆದರೆ ವಾಡಿಕೆಯಂತೆ, ಅಳಿಯನಾದವನು ಹುಣಸೆಬೀಜದ ಗಂಟು ಬಿಚ್ಚಿ, ಒಟ್ಟು ಎಷ್ಟು ಬೀಜವೆಂದು ಹೇಳದೆ ಆ ಮನೆಯವರು ಮಗಳನ್ನು ಕಳಿಸುವುದಿಲ್ಲ.

"ಇಷ್ಟ ಹೌದಲ್ಲರಿ? ನೀವು ಎಲಿ-ಅಡಿಕಿ ಹಾಕ್ಕೊಳ್ಳೂದ್ರಾಗ ಹೇಳತೇನಿ," ಎಂದು ಉಳವಪ್ಪ ಜಂಬದಿಂದ ಕುಳಿತ. ದಾನವ್ವನ ಅಜ್ಜಿ ಕಾಳವ್ವ ಬಾಯಿಗೆ ಸೆರಗು ಹಿಡಿದಳು.

ಗಂಟು ಬಿಚ್ಚಿದರೆ ಒಂದಿಷ್ಟು ಬಿಡಿ ಬೀಜ, ಜೊತೆಗೆ ಸಣ್ಣ ಗಂಟುಗಳು. ಅವುಗಳಲ್ಲೊಂದನ್ನು ಬಿಚ್ಚಿದರೆ ಒಳಗೆ ಮತ್ತೆ ಬೀಜ, ಮತ್ತೆ ಗಂಟು! ಮಾಸ್ತರ ಬೆದರಲಿಲ್ಲ. ಬೀಜ ಸಿಕ್ಕರೆ ಎಣಿಸಿ ಬೆನ್ನ ಹಿಂದಿದ್ದ ಬುಟ್ಟಿಗೆ ಹಾಕುವುದು, ಗಂಟು ಸಿಕ್ಕರೆ ಅದನ್ನು ಬಿಚ್ಚುವುದು, ಅದು ಮುಗಿದ ಮೇಲೆ ಬಿಟ್ಟಲ್ಲಿಂದ ಮುಂದುವರಿಯುವುದು. ಅವನ ಕ್ರಮದಲ್ಲಿ ಎಳ್ಳಷ್ಟೂ ದೋಷವಿರಲಿಲ್ಲ. ಆದರೂ ಎದುರಿನ ರಾಶಿ ಕರಗಲೊಲ್ಲದು. ಎಲೆ-ಅಡಿಕೆ ಮುಗಿಯಿತು, ಚಹಾ ಮುಗಿಯಿತು, ಮಾಸ್ತರನ ಹಣೆಯಲ್ಲಿ ಬೆವರು ಮೂಡಿತು.

"ಎಷ್ಟಾತ್ರಿ ಮಾಸ್ತರ?" ಎಂದು ಮಾವ ಸಿದ್ದಲಿಂಗಪ್ಪ ಕೆಣಕಿದ.

"ತಡೀರಿ ಮಾವಾ!" ಎಂದವನು ನೀರು ಕೇಳಲು ಹಿಂದಕ್ಕೆ ತಿರುಗಿದ. ಅವನ ಮಗ್ಗುಲಲ್ಲೇ ಕೊಂಚ ಹಿಂದೆ ಬಟ್ಟೆ ಮಡಚುವ ನೆಪದಲ್ಲಿ ಕುಳಿತಿದ್ದ ದಾನವ್ವ, ಬುಟ್ಟಿಯ ಬೀಜವನ್ನೇ ಹಿಡಿಹಿಡಿಯಾಗಿ ತೆಗೆದು, ಅವನು ಬಿಚ್ಚಿಟ್ಟ ಗಂಟಿನ ಬಟ್ಟೆಗಳಲ್ಲೇ ಮತ್ತೆ ಕಟ್ಟಿ, ಮೆಲ್ಲಗೆ ರಾಶಿಗೆ ಸೇರಿಸುತ್ತಿದ್ದಳು.

"ಏನ ಮಾಡಾಕತ್ತೀ ನೀ?" ಉಳವಪ್ಪ ಪಿಸುದನಿಯಲ್ಲೇ ಗದರಿದ.

"ಲಗ್ನದಾಗೂ ನಿಮಗ ಬಸ್ಸಿನ ಗಡಿಬಿಡಿ, ಹಬ್ಬಕ್ಕ ಬಂದಾಗೂ ಬಸ್ಸಿನ ಗಡಿಬಿಡಿ. ನೀವು ನನ್ನ ಬಾಜೂಕ ಇಷ್ಟೊತ್ತು ಕುಂತದ್ದು ಇವತ್ತ ಮೊದಲರೀ," ಎಂದು ಅವಳು ತಲೆ ತಗ್ಗಿಸಿದಳು.

ಅವಳ ಮೋಸವನ್ನು ಬಯಲಿಗೆಳೆದರೆ ಉಳವಪ್ಪನ ಮಾನ ಉಳಿಯುತ್ತಿತ್ತು, ಬಸ್ಸೂ ಸಿಗುತ್ತಿತ್ತು. ಅಷ್ಟರಲ್ಲಿ ಊರಬಾಗಿಲ ಅಗಸಿಯ ಕಡೆಯಿಂದ ಬಸ್ಸಿನ ಹಾರ್ನ್ ಕೇಳಿತು. ಇಡೀ ಪಡಸಾಲೆ ಅವನ ಬಾಯಿಯನ್ನೇ ನೋಡುತ್ತಿತ್ತು.

ಮಾಸ್ತರ ಎದ್ದು ನಿಂತು ಕಾಳವ್ವನಿಗೆ ಕೈಮುಗಿದ.

"ನನಗ ಲೆಕ್ಕ ಬರೂದಿಲ್ರಿ, ಅಜ್ಜಿ."